ಹಳೆಯ ಜರ್ಮನ್ ಗುರಿ ಪಿಸ್ತೂಲಿನ ದೋಷ ಪತ್ತೆ: ಫೈನ್‌ವೆರ್ಕ್‌ಬಾವ್ 65 ಮತ್ತು ಅದರ ಸಮಕಾಲೀನರು

ಜರ್ಮನಿಯ ಓಬರ್ನ್‌ಡೋರ್ಫ್‌ನಲ್ಲಿ 1965ರಿಂದ ತಯಾರಾದ ಫೈನ್‌ವೆರ್ಕ್‌ಬಾವ್ ಮಾದರಿ 65 ಎಂಬ 4.5 ಮಿಲಿಮೀಟರ್ ಏರ್ ಪಿಸ್ತೂಲ್ ಇಂದಿಗೂ ಹಳೆಯ ಶೂಟಿಂಗ್ ಕ್ಲಬ್‌ಗಳ ಕಪಾಟುಗಳಲ್ಲಿ ಸಿಗುತ್ತದೆ, ಕೈಯಿಂದ ಕೈಗೆ ಮಾರಾಟವೂ ಆಗುತ್ತಿರುತ್ತದೆ. ಇದನ್ನು ಕೊಂಡವರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು: ಪೆಲೆಟ್ (ಸೀಸದ ಸಣ್ಣ ಗುಂಡು) ಕೆಳಗೆ ಬೀಳುತ್ತಿದೆ, ಪಿಸ್ತೂಲು ಒದೆಯುತ್ತಿದೆ, ಟ್ರಿಗರ್ ಭಾರವಾಗಿದೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪಿಸ್ತೂಲನ್ನು ಬಿಚ್ಚದೆಯೇ ಬಗೆಹರಿಯುವಂಥವು ಎಂಬುದು ನನ್ನ ಅಭಿಪ್ರಾಯ. ಆದರೆ ಲಕ್ಷಣವನ್ನು ಸರಿಯಾಗಿ ಓದಬೇಕಾದರೆ ಕೈಯಲ್ಲಿರುವ ಪಿಸ್ತೂಲು ಯಾವ ತಲೆಮಾರಿನದು, ಅದರ ವಿನ್ಯಾಸಕಾರರು ಒದೆತವನ್ನು ಯಾವ ಉಪಾಯದಿಂದ ಅಡಗಿಸಿದ್ದರು ಎಂಬುದು ಮೊದಲು ತಿಳಿದಿರಬೇಕು, ಏಕೆಂದರೆ ಒಂದು ತಲೆಮಾರಿನಲ್ಲಿ ಸಹಜವಾದ ವರ್ತನೆ ಇನ್ನೊಂದರಲ್ಲಿ ದೋಷದ ಗುರುತಾಗಿರುತ್ತದೆ.

ಮೊದಲು ಪಿಸ್ತೂಲಿನ ತಲೆಮಾರು ಗುರುತಿಸಿ

ಸ್ಪ್ರಿಂಗ್ ಇರುವ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಎಳೆದೊಡನೆ ಭಾರವಾದ ಪಿಸ್ಟನ್ ಒಂದು ದಿಕ್ಕಿಗೆ ನುಗ್ಗುತ್ತದೆ. ಪಿಸ್ತೂಲಿನ ಉಳಿದ ಭಾಗ ಅದರ ವಿರುದ್ಧ ದಿಕ್ಕಿಗೆ ಒದೆಯುತ್ತದೆ. ಇದೆಲ್ಲ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ನಡೆಯುವುದರಿಂದ ಗುರಿ ಕದಲುತ್ತದೆ. 1950ರ ದಶಕದ ವಾಲ್ಥರ್ ಕಂಪನಿಯ ಎಲ್‌ಪಿ 53 ಮಾದರಿಯಲ್ಲಿ ನಳಿಗೆಯನ್ನು ಮಡಚಿ ಸ್ಪ್ರಿಂಗನ್ನು ಬಿಗಿಸಬೇಕು. ಸ್ಪ್ರಿಂಗ್ ಇರುವುದು ಹಿಡಿಯೊಳಗೆ. ಒದೆತವನ್ನು ಸಂಭಾಳಿಸುವ ಹೊಣೆ ಪೂರ್ತಿಯಾಗಿ ಶೂಟರ್‌ನ ಕೈಗೆ ಸೇರಿದ್ದು.

ರಾಷ್ಟಾಟ್ ಊರಿನ ಡಯಾನಾ ಕಾರ್ಖಾನೆ ತನ್ನ ಮಾದರಿ 6ರಲ್ಲಿ ಬೇರೆಯೇ ದಾರಿ ಹಿಡಿಯಿತು. ಕುರ್ಟ್ ಗಿಸ್ ರೂಪಿಸಿದ ಆ ವ್ಯವಸ್ಥೆಯಲ್ಲಿ ಹಲ್ಲುಚಕ್ರದಿಂದ ಜೋಡಿಸಿದ ಎರಡು ಪಿಸ್ಟನ್‌ಗಳು ಏಕಕಾಲಕ್ಕೆ ವಿರುದ್ಧ ದಿಕ್ಕುಗಳಿಗೆ ಚಲಿಸುತ್ತವೆ. ಒಂದು ಗಾಳಿಯನ್ನು ಒತ್ತಿದರೆ ಇನ್ನೊಂದು ಮೊದಲನೆಯದರ ಒದೆತವನ್ನು ಅಳಿಸಿಹಾಕುತ್ತದೆ. ಮುಂದೆ 1970ರ ದಶಕದಲ್ಲಿ ಬಂದ ಮಾದರಿ 10ರಲ್ಲಿಯೂ ಇದೇ ತತ್ತ್ವ ಮುಂದುವರಿಯಿತು.

ಫೈನ್‌ವೆರ್ಕ್‌ಬಾವ್ ಕಂಪನಿಯನ್ನು 1949ರಲ್ಲಿ ಕಟ್ಟಿದ ಕಾರ್ಲ್ ವೆಸ್ಟಿಂಗರ್ ಮತ್ತು ಎರ್ನ್‌ಸ್ಟ್ ಆಲ್ಟೆನ್‌ಬುರ್ಗರ್ ಇಬ್ಬರೂ ಮೊದಲು ಮೌಸರ್ ಬಂದೂಕು ಕಾರ್ಖಾನೆಯಲ್ಲಿ ದುಡಿದವರು. ಅವರ ಕಂಪನಿ ಹುಡುಕಿದ ಉತ್ತರ ಒದೆತಕ್ಕೆ ಅಡ್ಡ ನಿಲ್ಲದೆ ಅದಕ್ಕೆ ದಾರಿ ಬಿಟ್ಟುಕೊಡುವುದಾಗಿತ್ತು. ಮಾದರಿ 65ರ ಮೇಲ್ಭಾಗ ಹಿಡಿಯಿರುವ ಕೆಳಭಾಗದ ಮೇಲೆ ಹಳಿಗಳಲ್ಲಿ ಕೂತಿದೆ. ಟ್ರಿಗರ್ ಎಳೆದ ಕ್ಷಣದಲ್ಲಿ ಅದು ಸ್ವತಂತ್ರವಾಗಿ ಹಿಂದಕ್ಕೆ ಜಾರುತ್ತದೆ, ಶೂಟರ್‌ನ ಅಂಗೈ ಮಾತ್ರ ನಿಶ್ಚಲವಾಗಿರುತ್ತದೆ. ಎಡಬದಿಯ ಲಿವರ್ ಎಳೆದು ಮುಂದಿನ ಹೊಡೆತಕ್ಕೆ ಸಜ್ಜು ಮಾಡುವಾಗ ಮೇಲ್ಭಾಗ ತನ್ನ ಸ್ಥಾನಕ್ಕೆ ಮರಳುತ್ತದೆ. ಇದೇ ದೇಹದ ಮೇಲೆ ಮುಂದೆ ಮಾದರಿ 80, ಆಮೇಲೆ ವಿದ್ಯುನ್ಮಾನ ಟ್ರಿಗರ್ ಇರುವ ಮಾದರಿ 90 ಬಂದವು.

ಇದಕ್ಕೆ ಸಮಾನಾಂತರವಾಗಿ ವಾಲ್ಥರ್ 1960ರ ದಶಕದ ಕೊನೆಗೆ ಎಲ್‌ಪಿ 2 ಮಾದರಿಯಲ್ಲಿ, ಮುಂದೆ ಎಲ್‌ಪಿ 3ರಲ್ಲಿಯೂ ಸ್ಪ್ರಿಂಗ್ ಪಿಸ್ಟನ್ನನ್ನೇ ಕೈಬಿಟ್ಟು, ಲಿವರಿನ ಒಂದೇ ಎಳೆತದಲ್ಲಿ ಗಾಳಿಯನ್ನು ಮುಂಚಿತವಾಗಿ ಒತ್ತಿಟ್ಟುಕೊಳ್ಳುವ ಕ್ರಮವನ್ನು ತಂದಿತು. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ 1970ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೂ 1988ರ ಸೋಲ್ ಒಲಿಂಪಿಕ್ಸ್‌ಗೂ ಸೇರಿತು. ಅಷ್ಟರಲ್ಲಿ ಸ್ಪರ್ಧಿಗಳು ಒತ್ತಿದ ಗಾಳಿ ಮತ್ತು ಅನಿಲದ ಪಿಸ್ತೂಲುಗಳತ್ತ ಹೊರಳುತ್ತಿದ್ದರು. ಫೈನ್‌ವೆರ್ಕ್‌ಬಾವ್ ಕೂಡ ಮಾದರಿ 100ರಲ್ಲಿ ಅದೇ ಹಾದಿಗೆ ಬಂದಿತು.

ಕಾಲ ತಿಳಿಯಲು ಸಣ್ಣದೊಂದು ಗುರುತು ನೆರವಾಗುತ್ತದೆ. ಜರ್ಮನಿಯಲ್ಲಿ ಹೊಡೆತದ ಶಕ್ತಿ 7.5 ಜೂಲ್ ಮೀರದ ಏರ್ ಆಯುಧಗಳ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ‘ಎಫ್’ ಅಕ್ಷರವನ್ನು ಒತ್ತಿರುತ್ತಾರೆ. 1970ಕ್ಕಿಂತ ಮೊದಲು ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಪಿಸ್ತೂಲುಗಳಲ್ಲಿ ಅದು ಕಾಣುವುದಿಲ್ಲ.

ಕೈ ಹಾಕುವ ಮೊದಲು

ಪಿಸ್ತೂಲಿನಲ್ಲಿ ಪೆಲೆಟ್ ಇದೆಯೆಂದೇ ತಿಳಿದು ನಳಿಗೆಯನ್ನು ಸದಾ ಪೆಲೆಟ್ ತಡೆಯುವ ಗುರಿಪೆಟ್ಟಿಗೆಯತ್ತ ಇರಿಸಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಮಾದರಿ 65ರಲ್ಲಿ ಲಿವರ್ ತೆರೆದಾಗ ಗಾಳಿಯನ್ನು ಒತ್ತುವ ಸಿಲಿಂಡರ್ ಹಿಂದಕ್ಕೆ ಸರಿದು ನಳಿಗೆಯ ಹಿಂಬದಿ ಕಾಣುತ್ತದೆ. ಪೆಲೆಟ್ ಇಡುವುದು ಅಲ್ಲಿಯೇ. ಒಳಗಿನ ಕೊಂಡಿ ಸವೆದು ಆ ಗಳಿಗೆಯಲ್ಲಿ ಜಾರಿದರೆ ಸಿಲಿಂಡರ್ ಬೆರಳಿನ ತುದಿಯನ್ನು ಜಜ್ಜಿಬಿಡುತ್ತದೆ. ಆದ್ದರಿಂದ ಪಿಸ್ತೂಲನ್ನು ಮೇಜಿಗೆ ಊರಿ, ಒಂದು ಕೈ ಲಿವರನ್ನು ಬಿಗಿಯಾಗಿ ಹಿಡಿದಿರುವಾಗಲೇ ಇನ್ನೊಂದು ಕೈಯಿಂದ ಪೆಲೆಟ್ ಇಡಬೇಕು, ಬೆರಳು ಟ್ರಿಗರ್‌ನಿಂದ ದೂರವಿರಬೇಕು. ಪೆಲೆಟ್ ಇಲ್ಲದೆ ಖಾಲಿ ಹೊಡೆದು ಪರೀಕ್ಷಿಸುವ ಅಭ್ಯಾಸ ಬೇಡ: ಎದುರಿಗೆ ಗಾಳಿಯ ಮೆತ್ತೆ ಇಲ್ಲದಾಗ ಪಿಸ್ಟನ್ ಸಿಲಿಂಡರಿನ ತುದಿಗೆ ಹೋಗಿ ಬಡಿಯುತ್ತದೆ. ಪೆಲೆಟ್ ಸೀಸದ್ದಾದ್ದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟ, ತಿಂಡಿ ಮುಟ್ಟಬಾರದು.

ಲಕ್ಷಣ: ಪೆಲೆಟ್ ಗುರಿಯ ಕೆಳಗೆ ಬೀಳುತ್ತಿದೆ, ಸದ್ದು ಮಂಕಾಗಿದೆ

ಮೊದಲು ಪೆಲೆಟ್ ಬದಲಿಸಿ. ಈ ಪಿಸ್ತೂಲುಗಳು ಚಪ್ಪಟೆ ತಲೆಯ, ಅರ್ಧ ಗ್ರಾಂ ಆಸುಪಾಸಿನ ತೂಕದ ಸ್ಪರ್ಧಾ ಪೆಲೆಟ್‌ಗಳಿಗಾಗಿ ರೂಪುಗೊಂಡವು. ಬೇಟೆಯ ರೈಫಲ್‌ಗಳಿಗೆಂದು ಮಾರುವ ಭಾರದ ಪೆಲೆಟ್ ಹಾಕಿದರೆ ಅದು ನಿಧಾನವಾಗಿ ಹೋಗಿ ಕೆಳಗೆ ಬೀಳುವುದರಲ್ಲಿ ಪಿಸ್ತೂಲಿನ ತಪ್ಪೇನೂ ಇಲ್ಲ. ಸ್ಪರ್ಧಾ ಪೆಲೆಟ್ ಹಾಕಿದ ಮೇಲೂ ಅದೇ ಸ್ಥಿತಿಯಿದ್ದರೆ ಹಿಂದಿನ ಸೈಟ್‌ನ (ಗುರಿ ನೋಡುವ ಭಾಗದ) ಸ್ಕ್ರೂ ಸಡಿಲವಾಗಿದೆಯೇ ನೋಡಿ. ಸೈಟ್ ಕೆಳಗಿಳಿದಿದ್ದರೆ ಹೊಡೆತ ಕೆಳಗೆ ಹೋಗುತ್ತದೆ, ಆದರೆ ಸದ್ದು ಮೊದಲಿನಂತೆಯೇ ಇರುತ್ತದೆ. ಸೈಟ್‌ನ ತಪ್ಪನ್ನೂ ಗಾಳಿಯ ಸೋರಿಕೆಯನ್ನೂ ಬೇರ್ಪಡಿಸಲು ಕಿವಿಯೇ ಸಾಕು.

ಸದ್ದೂ ಕುಗ್ಗಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ. ಮೊದಲ ಅನುಮಾನ ನಳಿಗೆಯ ಹಿಂಬದಿ ಸಿಲಿಂಡರನ್ನು ಕೂಡುವಲ್ಲಿ ಗಾಳಿ ಸೋರದಂತೆ ತಡೆಯುವ ಸಣ್ಣ ಸೀಲ್ ಮೇಲೆ. ದಶಕಗಳ ಕಾಲ ಅದೇ ಅಂಚಿಗೆ ಒತ್ತಿಸಿಕೊಂಡ ಸೀಲ್ ಚಪ್ಪಟೆಯಾಗುತ್ತದೆ, ಗಟ್ಟಿಯಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಟಿಶ್ಯೂ ಕಾಗದದ ಬೆರಳಗಲದ ಒಂದು ಪಟ್ಟಿಯನ್ನು, ಲಿವರ್ ಮುಚ್ಚಿದ ಮೇಲೆ, ನಳಿಗೆ ಮತ್ತು ಸಿಲಿಂಡರ್ ಕೂಡುವ ಸಂದಿನ ಮೇಲೆ ಸಡಿಲವಾಗಿ ಮಲಗಿಸಿ, ಗುರಿಪೆಟ್ಟಿಗೆಗೆ ಒಂದು ಪೆಲೆಟ್ ಹೊಡೆಯಿರಿ. ಪಟ್ಟಿ ಇದ್ದಲ್ಲಿಯೇ ಇದ್ದರೆ ಅಥವಾ ಮೇಲ್ಭಾಗದ ಜಾರಾಟಕ್ಕೆ ತುಸು ಸರಿದರೆ ಸೀಲ್ ಗಟ್ಟಿಯಿದೆ. ಪಟ್ಟಿ ಮೇಲಕ್ಕೆ ಚಿಮ್ಮಿದರೆ ಅಥವಾ ಅದರ ಅಂಚು ಹರಿದರೆ ಗಾಳಿ ಅಲ್ಲಿಂದಲೇ ಹೊರಬೀಳುತ್ತಿದೆ. ಬೆರಳಿಟ್ಟು ನೋಡುವ ಚಪಲ ಮಾತ್ರ ಬೇಡ. ಈ ಸೀಲನ್ನು ಬದಲಿಸುವುದು ಮುಖ್ಯ ಸ್ಪ್ರಿಂಗನ್ನು ಮುಟ್ಟದೆ ಆಗುವ ಕೆಲಸ. ಹಳೆಯದನ್ನು ತೆಗೆಯುವಾಗ ಉಕ್ಕಿನ ಸೂಜಿಯಿಂದ ಕೆರೆಯದೆ ಮರದ ಕಡ್ಡಿಯನ್ನು ಬಳಸಿದರೆ ಸೀಲ್ ಕೂರುವ ತೋಡಿಗೆ ಗೀರು ಬೀಳುವುದಿಲ್ಲ.

ಸೀಲ್ ಹೊಸದಾದರೂ ಶಕ್ತಿ ಮರಳದಿದ್ದರೆ ಒಂದು ಕ್ರೋನೊಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಸಾಧನ) ಎರವಲು ತಂದು ಹತ್ತು ಹೊಡೆತಗಳ ವೇಗವನ್ನು ಬರೆದುಕೊಳ್ಳಿ. ಆರೋಗ್ಯವಾಗಿರುವ ಮಾದರಿ 65 ಸಾಮಾನ್ಯವಾಗಿ ಸೆಕೆಂಡಿಗೆ 120ರಿಂದ 140 ಮೀಟರ್ ವೇಗದಲ್ಲಿ ಪೆಲೆಟ್ ಕಳಿಸುತ್ತದೆ. ಎಲ್ಲ ಹೊಡೆತಗಳೂ ಏಕರೂಪವಾಗಿ ಕಡಿಮೆಯಿದ್ದರೆ ಸ್ಪ್ರಿಂಗ್ ದಣಿದಿದೆ ಎಂದು ಊಹಿಸಬಹುದು. ಒಂದು ಹೊಡೆತ 125, ಮುಂದಿನದು 105 ಎಂಬಂತೆ ಏರಿಳಿದರೆ ಪಿಸ್ಟನ್ನಿನ ಸೀಲ್ ಕೈಕೊಡುತ್ತಿದೆ. ಎರಡೂ ಸಂದರ್ಭಗಳಲ್ಲಿ ಇಲ್ಲಿಗೆ ನಿಲ್ಲಿಸಿ. ಪಿಸ್ಟನ್ ಹೊರತೆಗೆಯಲು ಬಿಗಿದ ಸ್ಪ್ರಿಂಗನ್ನು ಹಿಡಿದಿಡುವ ಚೌಕಟ್ಟು ಬೇಕು. ಅದಿಲ್ಲದೆ ಪಿನ್ನು ಕಳಚಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ. ಹೆಚ್ಚು ಬಲದ ಸ್ಪ್ರಿಂಗ್ ಹಾಕಿಸುವ ಆಸೆಯಂತೂ ಎರಡು ರೀತಿಯಲ್ಲಿ ಕೆಟ್ಟದ್ದು: ಜಾರುವ ವ್ಯವಸ್ಥೆಯ ಲೆಕ್ಕಾಚಾರ ತಪ್ಪುತ್ತದೆ, ಜರ್ಮನಿಯಲ್ಲಿ ಇರುವ ಕನ್ನಡಿಗರು ‘ಎಫ್’ ಗುರುತಿನ ಪಿಸ್ತೂಲನ್ನು 7.5 ಜೂಲ್ ದಾಟಿಸಿದರೆ ಕಾನೂನನ್ನೂ ಮುರಿದಂತಾಗುತ್ತದೆ.

ಲಕ್ಷಣ: ಒದೆಯಬಾರದ ಪಿಸ್ತೂಲು ಒದೆಯುತ್ತಿದೆ

ಮಾದರಿ 65ರ ಬಗ್ಗೆ ಕೇಳಿಬರುವ ದೂರುಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಇದೇ. ಬಹಳ ಜನ ನೇರವಾಗಿ ಸ್ಪ್ರಿಂಗ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆದರೆ 1965ರ ವಿನ್ಯಾಸಕಾರರು ಜಾರುವ ವ್ಯವಸ್ಥೆಯನ್ನು ಬೇಕೆಂದೇ ಬಂಧಿಸಿಡುವ ಒಂದು ಬೀಗವನ್ನೂ ಕೊಟ್ಟಿದ್ದರು. ಗುಂಡು ಹಾರಿಸುವ ಪಿಸ್ತೂಲಿನ ಸ್ಪರ್ಧೆಗೆ ತಯಾರಾಗುವವರು ಮನೆಯಲ್ಲಿ ಅಗ್ಗದ ಪೆಲೆಟ್‌ನಿಂದಲೇ ಒದೆತದ ಅಭ್ಯಾಸ ಮಾಡಲಿ ಎಂಬುದು ಅದರ ಉದ್ದೇಶ. ಹಿಂದಿನ ಮಾಲೀಕ ಆ ಬೀಗ ಹಾಕಿಟ್ಟಿದ್ದರೆ ಪಿಸ್ತೂಲು ಸಂಪೂರ್ಣ ಸುಸ್ಥಿತಿಯಲ್ಲಿದ್ದೂ ಒದೆಯುತ್ತದೆ. ಬೀಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕೈಪಿಡಿಯ ಚಿತ್ರ ನೋಡಿ ಖಚಿತಪಡಿಸಿಕೊಂಡ ನಂತರವೇ ಮುಂದಿನ ಮಾತು.

ಬೀಗ ತೆರೆದಿದ್ದೂ ಒದೆಯುತ್ತಿದ್ದರೆ ಮೇಲ್ಭಾಗ ನಿಜವಾಗಿ ಜಾರುತ್ತಿದೆಯೇ ಎಂದು ನೋಡಬೇಕು. ಪಿಸ್ತೂಲನ್ನು ಹೊಡೆತಕ್ಕೆ ಸಜ್ಜು ಮಾಡಿ ಲಿವರ್ ಮುಚ್ಚಿದ ಮೇಲೆ, ಮೇಲ್ಭಾಗ ಮತ್ತು ಕೆಳಭಾಗ ಸೇರುವ ಗೆರೆಗೆ ಅಡ್ಡಲಾಗಿ ಮೃದು ಪೆನ್ಸಿಲಿನಿಂದ ಒಂದು ತೆಳು ಗೀಟು ಎಳೆಯಿರಿ. ಬೆರಳು ಟ್ರಿಗರ್ ಬಳಿ ಸುಳಿಯದಂತೆ ಎಚ್ಚರವಿರಲಿ. ಹೊಡೆದ ನಂತರ ಲಿವರ್ ಮುಟ್ಟದೆ ಗೀಟನ್ನು ನೋಡಿ. ಮೇಲಿನ ತುಂಡು ಕೆಲವು ಮಿಲಿಮೀಟರ್ ಹಿಂದೆ ಸರಿದು ಗೀಟು ಎರಡಾಗಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಗೀಟು ಕೂದಲಷ್ಟೂ ಕದಲದಿದ್ದರೆ ಹಳಿಗಳಲ್ಲಿ ಜಿಡ್ಡು ಗಟ್ಟಿಯಾಗಿದೆ, ಇಲ್ಲವೇ ಟ್ರಿಗರ್ ಜೊತೆಗೆ ಬಿಡುಗಡೆಯಾಗಬೇಕಾದ ಕೊಂಡಿ ಬಿಡುತ್ತಿಲ್ಲ.

ಹಳೆಯ ಗ್ರೀಸ್ ವರ್ಷಗಳ ನಂತರ ಕಂದು ಬಣ್ಣದ ಅಂಟಾಗಿ ಕೂರುತ್ತದೆ. ಹಳಿಯ ಕಾಣುವ ಭಾಗವನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ತೆಳು ಎಣ್ಣೆಯನ್ನು ಟೂತ್‌ಪಿಕ್ ತುದಿಯಲ್ಲಿ ತೆಗೆದುಕೊಂಡು ಹನಿಯಷ್ಟೇ ಹಚ್ಚಿದರೆ ಬಹಳಷ್ಟು ಸಲ ಇಷ್ಟಕ್ಕೇ ಜಾರತೊಡಗುತ್ತದೆ. ಎಣ್ಣೆ ಸಿಲಿಂಡರಿನೊಳಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಮತ್ತೂ ಜಾರದಿದ್ದರೆ ಕೊಂಡಿಯ ದೋಷವಿದೆ ಎಂದರ್ಥ. ಆ ಕೊಂಡಿಗೂ ಟ್ರಿಗರ್‌ಗೂ ನಂಟಿರುವುದರಿಂದ ಅದನ್ನು ಅರದಿಂದ ಉಜ್ಜಿ ಸರಿಮಾಡುವ ಸಾಹಸಕ್ಕೆ ಹೋಗದೆ ಈ ಮಾದರಿಯನ್ನು ಬಲ್ಲ ರಿಪೇರಿಗಾರರಿಗೆ ಒಪ್ಪಿಸಬೇಕು.

ಇಲ್ಲಿಯೇ ತಲೆಮಾರಿನ ವ್ಯತ್ಯಾಸ ಕೆಲಸಕ್ಕೆ ಬರುವುದು. ಎಲ್‌ಪಿ 53 ಒದೆಯುತ್ತದೆ, ಅದು ಅದರ ಸ್ವಭಾವ, ರಿಪೇರಿಯಿಲ್ಲ. ಡಯಾನಾ 6 ಒದೆಯತೊಡಗಿದರೆ ಎರಡು ಪಿಸ್ಟನ್‌ಗಳ ಹೊಂದಾಣಿಕೆ ತಪ್ಪಿದೆ. ಹಿಂದೊಮ್ಮೆ ಯಾರೋ ಬಿಚ್ಚಿ, ಹಲ್ಲುಚಕ್ರವನ್ನು ಒಂದು ಹಲ್ಲು ಆಚೀಚೆ ಜೋಡಿಸಿರುವ ಸಂಭವವೇ ಹೆಚ್ಚು. ಎಲ್‌ಪಿ 3 ಅಥವಾ ಮಾದರಿ 100ರಲ್ಲಿ ನುಗ್ಗುವ ಭಾರದ ಪಿಸ್ಟನ್ನೇ ಇಲ್ಲದ್ದರಿಂದ ಅಲ್ಲಿ ಒದೆತದಂತೆ ಅನಿಸುವುದು ಬಹುತೇಕ ಹಿಡಿಯ ಸ್ಕ್ರೂ ಸಡಿಲವಾದುದರ ಅಲುಗಾಟ.

ಲಕ್ಷಣ: ಟ್ರಿಗರ್ ಇದ್ದಕ್ಕಿದ್ದಂತೆ ಭಾರವಾಗಿದೆ, ಅಥವಾ ಹೆದರಿಕೆ ಹುಟ್ಟಿಸುವಷ್ಟು ಹಗುರವಾಗಿದೆ

ಭಾರವಾಗಿದ್ದರೆ ಮೊದಲು ಮಾದರಿ 65ರ ಟ್ರಿಗರ್ ಆಯ್ಕೆಯ ಗುಂಡಿಯನ್ನು ನೋಡಿ. ಏರ್ ಪಿಸ್ತೂಲ್ ಸ್ಪರ್ಧೆಗೆ ಸುಮಾರು 500 ಗ್ರಾಂ, ಗುಂಡಿನ ಪಿಸ್ತೂಲಿನ ಅಭ್ಯಾಸಕ್ಕೆ ಸುಮಾರು 1360 ಗ್ರಾಂ ಎಂದು ಎರಡು ಭಾರಗಳನ್ನು ಅದರಲ್ಲಿ ಬದಲಿಸಿಕೊಳ್ಳಬಹುದು. ಕಪಾಟಿನಿಂದ ತೆಗೆಯುವಾಗ, ಒರೆಸುವಾಗ ಗುಂಡಿ ಸರಿದಿದ್ದರೆ ಟ್ರಿಗರ್ ಮೂರು ಪಟ್ಟು ಭಾರವೆನಿಸುತ್ತದೆ. ಮುಂದೆ ಸ್ಪರ್ಧೆಯ ಏರ್ ಪಿಸ್ತೂಲು ತನ್ನದೇ ಆದ ವಿಭಾಗವಾಗಿ ಬೆಳೆದು, ಯಾರೂ ಅದನ್ನು ಗುಂಡಿನ ಪಿಸ್ತೂಲಿನ ಬದಲಿಯಾಗಿ ನೋಡದಂತಾಯಿತು. ಒದೆತದ ಬೀಗ, ಭಾರದ ಟ್ರಿಗರ್ ಎಂಬ 65ರ ಈ ಎರಡೂ ಸೌಲಭ್ಯಗಳು ಆ ಬದಲಾವಣೆಯ ಹಿಂದಿನ ಕಾಲಕ್ಕೆ ಸೇರಿದವು.

ಹಗುರವಾಗಿರುವುದು ಬೇರೆಯೇ ಮಾತು, ಮತ್ತು ಇದು ಗಂಭೀರ. ಬೆರಳು ತಾಗುವ ಮೊದಲೇ ಹೊಡೆತ ಬಿಟ್ಟರೆ, ಲಿವರ್ ಮುಚ್ಚಿದೊಡನೆ ತಾನಾಗಿ ಹಾರಿದರೆ, ಅಥವಾ ಸಜ್ಜಾದ ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟ ಅದುರಿಗೇ ಬಿಟ್ಟರೆ, ಆ ಪಿಸ್ತೂಲನ್ನು ಮತ್ತೆ ಒಮ್ಮೆಯೂ ಸಜ್ಜು ಮಾಡಬೇಡಿ. ‘ಇನ್ನೊಂದು ಸಲ ನೋಡೋಣ’ ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ. ಟ್ರಿಗರ್‌ನ ಅಂಚುಗಳು ಸವೆದಿರಬಹುದು ಅಥವಾ ಹಿಂದಿನವರು ಹೊಂದಾಣಿಕೆಯ ಸ್ಕ್ರೂಗಳನ್ನು ಮಿತಿಮೀರಿ ತಿರುಗಿಸಿರಬಹುದು. ಹೊರಗಿನಿಂದ ನೋಡಿ ಇವೆರಡನ್ನೂ ಬೇರ್ಪಡಿಸಲಾಗದು. ಸ್ಪರ್ಧೆಯ ನಿಯಮದಲ್ಲಿ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಂಗಿಂತ ಹಗುರವಿರಕೂಡದು. ಟ್ರಿಗರ್ ಜಾರದೆ ಬರಿಯ ಹಗುರವೆನಿಸಿದರೆ ರೇಂಜ್‌ನ ಸಲಕರಣೆ ಪರೀಕ್ಷಕರಿಂದ ತೂಕ ನೋಡಿಸಿಕೊಳ್ಳುವುದು ಲೇಸು.

ಮಾದರಿ 90ರಲ್ಲಿ ಟ್ರಿಗರ್ ಎಳೆದರೂ ಏನೂ ಆಗದಿದ್ದರೆ ಮೊದಲು ಬ್ಯಾಟರಿ ನೋಡಿ. ಹೊಸ ಬ್ಯಾಟರಿಗೂ ಮಿಸುಕದಿದ್ದರೆ ಬ್ಯಾಟರಿ ಕೂರುವಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ ಎಂದು ಪರೀಕ್ಷಿಸಿ. ಸಂಪರ್ಕದ ಲೋಹವನ್ನು ಒಣಬಟ್ಟೆಯಿಂದ ಮೆಲ್ಲಗೆ ಉಜ್ಜಬಹುದು. ಅದಕ್ಕೂ ಬಗ್ಗದಿದ್ದರೆ ಒಳಗಿನ ವಿದ್ಯುನ್ಮಾನ ಭಾಗ ಸತ್ತಿದೆ. ನನಗೆ ಕೇಳಿದರೆ, ಬಳಸಲೆಂದು ಕೊಳ್ಳುವವರು 90ಕ್ಕಿಂತ 65 ಅಥವಾ 80 ಹುಡುಕುವುದೇ ವಾಸಿ: ಉಕ್ಕಿನ ಕೊಂಡಿಯನ್ನು ಒಬ್ಬ ಒಳ್ಳೆಯ ಕುಶಲಕರ್ಮಿ ಹೊಸದಾಗಿ ಮಾಡಬಲ್ಲ, ನಾಲ್ಕು ದಶಕ ಹಿಂದಿನ ವಿದ್ಯುನ್ಮಾನ ಫಲಕವನ್ನು ಮಾಡಿಕೊಡುವವರು ಸಿಗುವುದು ಕಷ್ಟ. ಬ್ಯಾಟರಿ ತೆಗೆಯುವ ಮುನ್ನ ಪಿಸ್ತೂಲು ಸಜ್ಜಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಜ್ಜಾಗಿದ್ದು ಹಾರದೆ ನಿಂತಿದ್ದರೆ ನಳಿಗೆಯನ್ನು ಗುರಿಪೆಟ್ಟಿಗೆಯತ್ತಲೇ ಇಟ್ಟು ತಿಳಿದವರನ್ನು ಕರೆಯಬೇಕು.

ಲಕ್ಷಣ: ನಳಿಗೆಯಿಂದ ಕಂದು ಪುಡಿ ಅಥವಾ ಮೇಣದಂಥ ಚೂರು ಬರುತ್ತಿದೆ

ಡಯಾನಾ 6 ಮತ್ತು 10 ಕೊಂಡವರು ಕಾಣುವ ಲಕ್ಷಣವಿದು. ಕೆಲವು ಹೊಡೆತಗಳ ನಂತರ ಗುರಿಯ ಕಾಗದದ ಮೇಲೆ ಹಳದಿ ಮಿಶ್ರಿತ ಕಂದು ಚುಕ್ಕೆಗಳು ಕಾಣುತ್ತವೆ, ನಳಿಗೆಯನ್ನು ಒರೆಸಿದ ಬಟ್ಟೆಗೆ ಬೆಲ್ಲದ ಪುಡಿಯಂಥದ್ದು ಅಂಟುತ್ತದೆ. ಅದು ಪಿಸ್ಟನ್ನಿನ ಸೀಲ್. ಆ ಕಾಲದ ಕೃತಕ ವಸ್ತು ಬಳಸಿದರೂ ಬಳಸದಿದ್ದರೂ ಕಾಲಕ್ರಮದಲ್ಲಿ ತಾನಾಗಿ ಪುಡಿಯಾಗುತ್ತದೆ. ಆದ್ದರಿಂದ ‘ಪೆಟ್ಟಿಗೆಯಲ್ಲೇ ಇತ್ತು, ಬಳಸಿಯೇ ಇಲ್ಲ’ ಎಂಬ ಮಾರಾಟಗಾರನ ಮಾತಿಗೆ ಈ ವಿಷಯದಲ್ಲಿ ಬೆಲೆಯಿಲ್ಲ.

ಇದಕ್ಕೆ ಅಗ್ಗದ ಪರೀಕ್ಷೆಯೂ ಇಲ್ಲ, ಮನೆಮದ್ದೂ ಇಲ್ಲ. ಪುಡಿ ಕಂಡೊಡನೆ ಹೊಡೆಯುವುದನ್ನು ನಿಲ್ಲಿಸಬೇಕು, ಏಕೆಂದರೆ ಸೀಲ್ ಕಳೆದುಕೊಂಡ ಪಿಸ್ಟನ್ ಲೋಹಕ್ಕೆ ಲೋಹ ಬಡಿಯತೊಡಗುತ್ತದೆ. ಹೊಸ ಸೀಲ್‌ಗಳನ್ನು ಈಗಲೂ ತಯಾರಿಸಿ ಮಾರುವವರಿದ್ದಾರೆ. ಆದರೆ ಎರಡು ಪಿಸ್ಟನ್‌ಗಳನ್ನು ಹಲ್ಲುಚಕ್ರದ ಸರಿಯಾದ ಹಲ್ಲಿಗೆ ಕೂರಿಸಿ ಜೋಡಿಸುವುದು ಇಡೀ ಜರ್ಮನ್ ಏರ್ ಪಿಸ್ತೂಲುಗಳಲ್ಲಿಯೇ ಕಠಿಣವಾದ ಕೆಲಸಗಳಲ್ಲೊಂದು. ಗಿಸ್ ವ್ಯವಸ್ಥೆಯನ್ನು ಮೊದಲೇ ಬಿಚ್ಚಿ ಬಲ್ಲವರ ಕೈಗೇ ಇದು ಹೋಗಬೇಕು.

ಲಕ್ಷಣ: ಹೊಗೆ, ಸುಟ್ಟ ವಾಸನೆ, ಸಿಡಿದಂಥ ಸದ್ದು

ಗಾಳಿ ಒತ್ತುವ ಜಾಗಕ್ಕೆ ಯಾರೋ ಸಾಮಾನ್ಯ ಎಣ್ಣೆ ಬಿಟ್ಟಿದ್ದಾರೆ. ಪಿಸ್ಟನ್ನಿನ ಒತ್ತಡಕ್ಕೆ ಕಾದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳುತ್ತದೆ. ಒಂದೆರಡು ಹೊಡೆತದಲ್ಲಿ ನಿಂತರೆ ಚಿಂತೆಯಿಲ್ಲ. ಮುಂದುವರಿದರೆ ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯಬಹುದು. ನಳಿಗೆಯನ್ನು ಒಣಬಟ್ಟೆಯ ತುಂಡಿನಿಂದ ಒರೆಸಿ. ಮತ್ತೂ ಸಿಡಿದರೆ ರಿಪೇರಿಗಾರರಿಂದ ಒಳಭಾಗ ಸ್ವಚ್ಛ ಮಾಡಿಸಿ.

ಲಕ್ಷಣ: ಹೊಡೆತಗಳು ಗುಂಪುಗೂಡದೆ ಚದುರುತ್ತಿವೆ

ವೇಗ ಸರಿಯಿದ್ದು ಹೊಡೆತ ಮಾತ್ರ ಚದುರಿದರೆ ಹಿಡಿ, ಸೈಟ್, ನಳಿಗೆ ಈ ಮೂರರ ಸ್ಕ್ರೂಗಳನ್ನು ಇದೇ ಕ್ರಮದಲ್ಲಿ ಬಿಗಿಸಿ ನೋಡಿ. ಸ್ಕ್ರೂಡ್ರೈವರ್‌ನ ತುದಿ ಸ್ಕ್ರೂವಿನ ಸೀಳಿಗೆ ಪೂರ್ತಿ ಹೊಂದಬೇಕು, ಇಲ್ಲದಿದ್ದರೆ ತಲೆ ಕಿತ್ತುಹೋಗಿ ಪಿಸ್ತೂಲಿನ ಬೆಲೆಯೂ ಇಳಿಯುತ್ತದೆ. ಮಾದರಿ 80ರಲ್ಲಿ ಸಮತೋಲನಕ್ಕಾಗಿ ಸೇರಿಸುವ ಭಾರದ ತುಂಡುಗಳು ಸಡಿಲವಾಗಿ ಅದುರುವುದುಂಟು, ಅವನ್ನೂ ನೋಡಬೇಕು. ಆಮೇಲೆ ನಳಿಗೆಯಲ್ಲಿ ಕೂತ ಸೀಸವನ್ನು ಪೆಲೆಟ್ ಹೋಗುವ ದಿಕ್ಕಿನಲ್ಲಿ ಬಟ್ಟೆಯ ತುಂಡೆಳೆದು ತೆಗೆಯಬೇಕು. ಉಕ್ಕಿನ ಕುಂಚ ಖಂಡಿತ ಬೇಡ. ಇಷ್ಟಾದ ಮೇಲೆ ಪಿಸ್ತೂಲನ್ನು ಮರಳಿನ ಚೀಲಕ್ಕೆ ಬಿಗಿಯಾಗಿ ಒತ್ತಿ ಹೊಡೆದರೆ ಮಾದರಿ 65 ಇನ್ನೂ ಚದುರಬಹುದು. ಮೇಲ್ಭಾಗ ಚೀಲಕ್ಕೆ ತಾಗಿದರೆ ಅದರ ಜಾರಾಟಕ್ಕೆ ಅಡ್ಡಿಯಾಗುತ್ತದೆ. ಚೀಲ ಹಿಡಿಗೆ ಮಾತ್ರ ಆಸರೆಯಾಗಲಿ.

ಲಕ್ಷಣ: ಲಿವರ್ ಎಳೆಯುವುದು ತೀರ ಹಗುರ, ಹೊಡೆತ ನಿಶ್ಶಕ್ತ

ಇದು ಎಲ್‌ಪಿ 2, ಎಲ್‌ಪಿ 3, ಮಾದರಿ 100ರಂಥ ಒಂದೆಳೆತದ ಪಿಸ್ತೂಲುಗಳ ಲಕ್ಷಣ. ಆರೋಗ್ಯವಾಗಿರುವ ಪಿಸ್ತೂಲಿನಲ್ಲಿ ಲಿವರಿನ ಕೊನೆಯ ಹಂತದಲ್ಲಿ ಗಾಳಿ ಎದುರು ಒತ್ತುವುದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದು ಇಲ್ಲದಿದ್ದರೆ ಒತ್ತುವ ಪಿಸ್ಟನ್ನಿನ ಸೀಲ್ ಗಾಳಿಯನ್ನು ಹಿಡಿಯುತ್ತಿಲ್ಲ. ಎದುರೊತ್ತಡ ಸರಿಯಿದ್ದೂ ಹೊಡೆತ ಸೋತರೆ ಕವಾಟದಲ್ಲಿ ಸೋರಿಕೆಯಿದೆ. ಇದನ್ನು ಕ್ರೋನೊಗ್ರಾಫ್‌ನಿಂದ ಪತ್ತೆ ಮಾಡಬಹುದು: ಗಾಳಿ ತುಂಬಿದೊಡನೆ ಒಂದು ಹೊಡೆತ, ಗಾಳಿ ತುಂಬಿ ಒಂದು ನಿಮಿಷ ಕಾದು ಇನ್ನೊಂದು ಹೊಡೆತ. ಕಾಯುವಾಗ ನಳಿಗೆ ಗುರಿಪೆಟ್ಟಿಗೆಯತ್ತಲೇ ಇರಬೇಕು, ಬೆರಳು ಹೊರಗಿರಬೇಕು. ಎರಡನೆಯದು ಗಮನಾರ್ಹವಾಗಿ ನಿಧಾನವಾದರೆ ಕವಾಟದ ಸೀಲ್ ಬದಲಿಸಬೇಕು. ಬಹಳ ಕಾಲ ಬಳಸದೆ ಇಟ್ಟ ಪಿಸ್ತೂಲಿನಲ್ಲಿ ಒಣಗಿದ ಸೀಲ್ ಹತ್ತಾರು ಹೊಡೆತಗಳಲ್ಲಿ ಚೇತರಿಸಿಕೊಳ್ಳುವುದೂ ಇದೆ, ಹಾಗಾಗಿ ಮೊದಲ ದಿನವೇ ಬಿಡಿಭಾಗ ತರಿಸುವ ಆತುರ ಬೇಡ.

ರಿಪೇರಿಗೆ ಕಳಿಸುವಾಗ

ಮಾದರಿಯ ಹೆಸರು, ಕ್ರಮಸಂಖ್ಯೆ, ‘ಎಫ್’ ಗುರುತು ಇದೆಯೇ ಇಲ್ಲವೇ, ಕ್ರೋನೊಗ್ರಾಫ್‌ನ ಹತ್ತು ಅಂಕಿಗಳು, ಟಿಶ್ಯೂ ಮತ್ತು ಪೆನ್ಸಿಲ್ ಗೀಟಿನ ಪರೀಕ್ಷೆಯಲ್ಲಿ ಕಂಡದ್ದು, ಈಗಾಗಲೇ ಬದಲಿಸಿದ ಸೀಲ್, ಇವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಪಿಸ್ತೂಲು ಸಜ್ಜಾಗಿಲ್ಲ, ನಳಿಗೆಯಲ್ಲಿ ಪೆಲೆಟ್ ಇಲ್ಲ ಎಂದು ಎರಡು ಬಾರಿ ನೋಡಿದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು. ತೆಗೆದ ಹಳೆಯ ಸೀಲನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ ಕಳಿಸಿದರೆ, ಹೊಸದು ಸಿಗದಿದ್ದರೂ ರಿಪೇರಿಗಾರರು ಅದರ ಅಳತೆ ಹಿಡಿದು ಲೇತ್‌ನಲ್ಲಿ ಇನ್ನೊಂದನ್ನು ಕಡೆದುಕೊಡಬಲ್ಲರು.